ಅಕ್ಕನ ಕೆಂಪು ತುಟಿ

ಹೋದ ವಾರ ಹರಿಹರ ಸ್ಟೇಷನ್ನಿನಲ್ಲಿ ದಾವಣಗೆರೆ ಕಡೆಯ ಗಾಡಿಗೆ ಕಾಯುತ್ತ ಕೂತಿದ್ದೆ. ಪಕ್ಕದಲ್ಲಿದ್ದ ಹೆಂಗಸು ಸೊಂಟದಿಂದ ಎಲೆಸಂಚಿ ತೆಗೆದು ದಾರ ಬಿಚ್ಚಿದಳು. ಒದ್ದೆ ಎಲೆ, ಸುಣ್ಣ, ತಂಬಾಕಿನ ಕಡ್ಡಿಪುಡಿ ಮೂರೂ ಸೇರಿದ ಆ ಘಾಟು ಮೂಗಿಗೆ ಬಡಿದದ್ದೇ ತಡ, ಬಾಜು ಮನೆ ಅಕ್ಕ ನೆನಪಾದಳು...

ಮದುವೆಯಾಗಿ ದಾವಣಗೆರೆಗೆ ಬಂದ ಹೊಸತು. ಗಂಡ ಊರಂಚಿನ ಕರೂರಿನ ಕಾರ್ಖಾನೆಗೆ ಹೋದರೆ ಸಂಜೆಯವರೆಗೆ ಮನೆ ಭಣಭಣ. ಓಣಿಯಲ್ಲಿ ಗುರುತಿನವರು ಒಬ್ಬರೂ ಇರಲಿಲ್ಲ. ನಮ್ಮ ಮನೆಗೂ ಅಕ್ಕನ ಮನೆಗೂ ನಡುವೆ ಒಂದೇ ಗೋಡೆ. ಆ ಕಡೆ ಅವಳೂ ಒಬ್ಬಳೇ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಮಧ್ಯಾಹ್ನ ಉಂಡಾದ ಮೇಲೆ ಅಡಕೊತ್ತಿನಿಂದ ಗೋಡೆಗೆ ಟಕಟಕ ಬಡಿಯುತ್ತಿದ್ದಳು. ಬಾ ಅಂತ ಅದರ ಅರ್ಥ. “ಬಂದೆ ಅಕ್ಕಾ” ಎಂದು ಇಲ್ಲಿಂದಲೇ ಕೂಗಿ ಓಡುತ್ತಿದ್ದೆ. ನಾನು ಎಲೆ ಹಾಕುತ್ತಿರಲಿಲ್ಲ, ನಾರು ತೆಗೆದು ಮಡಚಿ ಕೊಡುತ್ತಿದ್ದೆ. ಅವಳು ಬಾಯಿ ತುಂಬ ಹಾಕಿಕೊಂಡು ಓಣಿಯವರನ್ನೆಲ್ಲ ಆಡಿಕೊಂಡು ನಗಿಸುತ್ತಿದ್ದಳು. ಆ ನಗು ಇರದಿದ್ದರೆ ಆ ದಿನಗಳನ್ನು ಹೇಗೆ ಕಳೆಯುತ್ತಿದ್ದೆನೋ...

ಅಕ್ಕ ಬಡಕಲು. ಒಂದು ಕೊಡ ನೀರು ತಂದರೆ ಏದುಸಿರು. ರಕ್ತ ಕಡಿಮೆ ಇದೆಯೇನೋ ಎಂದರೆ ಕನ್ನಡಿ ಮುಂದೆ ನಿಂತು ತುಟಿ ಚಾಚುತ್ತಿದ್ದಳು.

“ನೋಡವ್ವಾ, ಹೆಂಗೆ ಕೆಂಪಗೈತೆ! ರಕ್ತ ಇಲ್ದೋರ ಬಾಯಿ ಹಿಂಗಿರ್ತೈತೇನು?”

ನಾವೂ ನಂಬಿದ್ದೆವು. ಎಲೆಯ ಬಣ್ಣದ ಕೆಳಗೆ ತುಟಿಯ ಬಣ್ಣ ಯಾವುದು ಎಂದು ಯಾರು ನೋಡಲು ಹೋಗುತ್ತಾರೆ?

ಒಂದು ಸಂಜೆ ಮಿರ್ಚಿ, ಮಂಡಕ್ಕಿ ತಂದು ಕೊಟ್ಟೆ. ಅಕ್ಕ ಮಿರ್ಚಿ ಮುಟ್ಟಲಿಲ್ಲ. “ಬ್ಯಾಡವ್ವಾ, ಬಾಯಿ ಉರಿತೈತೆ” ಅಂದಳು. ಕೆನ್ನೆಯ ಒಳಗೆ ಹುಣ್ಣಾಗಿ ಬಹಳ ದಿನವಾಗಿತ್ತಂತೆ. ಸುಣ್ಣ ಸುಟ್ಟಿರಬೇಕು ಅಂದುಕೊಂಡು ಎಲೆ ಹಾಕುವುದನ್ನೇ ಬಿಟ್ಟಳು. ಬಿಟ್ಟ ಮೇಲೆ ಕೆಂಪು ಇಳಿದು ತುಟಿ ಹಿಟ್ಟು ಮೆತ್ತಿದಂತೆ ಬೆಳ್ಳಗಾಯಿತು. ಓಣಿಯವರದೆಲ್ಲ ಒಂದೇ ಮಾತು: “ಎಲೆ ಬಿಟ್ಟಿದ್ದಕ್ಕ ಹಿಂಗಾಗೈತೆ, ಮೊದ್ಲಿನಂಗ ಹಾಕ್ಕೋರಿ.” ಕೆಂಪು ಬಂದರೆ ರಕ್ತವೂ ಬಂದಂತೆ ಎಂದುಕೊಂಡ ಅಕ್ಕ, ಹುಣ್ಣಿಲ್ಲದ ಕಡೆ ಕಡ್ಡಿಪುಡಿ ಒತ್ತರಿಸಿಕೊಂಡು ಮತ್ತೆ ಅಗಿಯತೊಡಗಿದಳು. ಎಂಥ ಹುಚ್ಚು ನಂಬಿಕೆ!

ಕೆಲವು ತಿಂಗಳಲ್ಲಿ ಊಟ ಬರೀ ಗಂಜಿಗೆ ಬಂತು. ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ತಲೆ ಸುತ್ತಿ ಬಿದ್ದಳು. ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಅವಳ ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿದರು, ಬಾಯಿ ತೆರೆಸಿ ನೋಡಿದರು. ಹುಣ್ಣಿನ ಚೂರು ಪರೀಕ್ಷೆಗೆ ಹೋಗಿ ಕ್ಯಾನ್ಸರ್ ಎಂದು ಬಂತು.

“ರಕ್ತ ಕಡಿಮೆ ಇದ್ರೆ ಬಾಯೊಳಗಿನ ಚರ್ಮ ತೆಳ್ಳಗಾಗ್ತದೆ, ತಡ್ಕೊಳ್ಳೋ ಶಕ್ತಿ ಹೋಗ್ತದೆ. ಅದ್ರ ಮೇಲೆ ಇಷ್ಟು ವರ್ಷ ಅಡಿಕೆ, ಕಡ್ಡಿಪುಡಿ...” ಎಂದರು ಡಾಕ್ಟರಮ್ಮ.

ಆಪರೇಷನ್ ಮಾಡಬೇಕಿತ್ತು. ಅದಕ್ಕೆ ಮೊದಲು ರಕ್ತ ಏರಬೇಕಿತ್ತು. ರಕ್ತ ಏರಲು ಉಣ್ಣಬೇಕು, ಉಣ್ಣಲು ಹುಣ್ಣು ಬಿಡುತ್ತಿರಲಿಲ್ಲ. ಹೊರಗಿನಿಂದಲೇ ರಕ್ತ ಕೊಡಬೇಕೆಂದಾಗ ನಾನೇ ಮುಂದಾದೆ. ಬೆರಳು ಚುಚ್ಚಿ ನೋಡಿದ ನರ್ಸ್, “ನಿಮಗೇ ರಕ್ತ ಇಲ್ರೀ, ಇನ್ನೊಬ್ರಿಗೇನು ಕೊಡ್ತೀರಿ?” ಎಂದು ವಾಪಸ್ ಕಳಿಸಿದಳು. ಹೊರಗೆ ಬಂದು ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಕೊನೆಗೆ ನನ್ನ ಗಂಡ, ಅವರ ಜೊತೆಯ ಕೆಲಸಗಾರರು ಕೊಟ್ಟರು. ಅಷ್ಟರಲ್ಲಿ ರೋಗ ಕುತ್ತಿಗೆಗೆ ಇಳಿದು ಗಂಟಾಗಿತ್ತು. ಆಪರೇಷನ್ನಿನ ಮಾತು ನಿಂತುಹೋಯಿತು. ಹರಿಹರದಲ್ಲಿದ್ದ ಅವಳ ತಮ್ಮ ಬಂದು ಅಕ್ಕನನ್ನು ತನ್ನ ಮನೆಗೆ ಕರೆದುಕೊಂಡು ಹೋದ.

ಕೊನೆಯ ಸಲ ನೋಡಲು ಹೋದಾಗ ಅವಳಿಗೆ ಮಾತು ಬರುತ್ತಿರಲಿಲ್ಲ. ನನ್ನ ರಕ್ತ ಬೇಡವೆಂದು ಕಳಿಸಿದ್ದನ್ನು ಅವಳ ತಮ್ಮನಿಗೆ ಹೇಳುತ್ತಿದ್ದೆ. ಅಕ್ಕ ಕೈಸನ್ನೆ ಮಾಡಿ ಹತ್ತಿರ ಕರೆದಳು. ಡಾಕ್ಟರಮ್ಮ ಮಾಡಿದ ಹಾಗೆಯೇ ನನ್ನ ಕೆಳರೆಪ್ಪೆ ಜಗ್ಗಿ ನೋಡಿದಳು. ಬೆರಳು ತಣ್ಣಗಿತ್ತು. ತಲೆದಿಂಬಿನ ಬಳಿ ಇದ್ದ, ತನಗೆ ನುಂಗಲಾಗದ ರಕ್ತ ಏರಿಸುವ ಮಾತ್ರೆಗಳ ಪೊಟ್ಟಣವನ್ನು ನನ್ನ ಕೈಗೆ ತುರುಕಿ ಮುಷ್ಟಿ ಮುಚ್ಚಿದಳು...

ಸ್ಟೇಷನ್ನಿನ ಹೆಂಗಸು ಎಲೆ ಚಾಚಿದಳು. “ಹಾಕ್ಕೋತೀಯೇನವ್ವಾ?”

“ಬ್ಯಾಡ್ರಿ. ನಿಮಗ ಬಾಯಾಗ ಉರಿ ಗಿರಿ ಏನಾರ ಐತೇನ್ರಿ?”

ಅವಳು ನನ್ನನ್ನು ವಿಚಿತ್ರವಾಗಿ ನೋಡಿ ನಕ್ಕಳು. ಬಾಯಿ ತುಂಬ ಕೆಂಪು. ಒಂದು ಸಲ ಡಾಕ್ಟರಿಗೆ ತೋರಿಸಿಕೊಳ್ಳಿ ಎಂದು ಹೇಳುವಷ್ಟರಲ್ಲಿ ಗಾಡಿ ಬಂತು, ಅವಳು ಸಂಚಿ ಸುತ್ತಿಕೊಂಡು ಜನರ ನಡುವೆ ಹೋಗಿಬಿಟ್ಟಳು.

ಅಕ್ಕನ ಮನೆಗೆ ಈಗ ಬೇರೆಯವರು ಬಾಡಿಗೆಗೆ ಬಂದಿದ್ದಾರೆ. ಒಳ್ಳೆಯ ಜನ, ತಮ್ಮ ಪಾಡಿಗೆ ಇರುತ್ತಾರೆ. ನಿನ್ನೆ ಮಧ್ಯಾಹ್ನ ಅವರು ಗೋಡೆಗೆ ಮೊಳೆ ಹೊಡೆಯುತ್ತಿದ್ದರು. “ಬಂದೆ ಅಕ್ಕಾ” ಎಂದು ಕೂಗಿ ಬಾಗಿಲವರೆಗೆ ಹೋಗಿದ್ದೆ.