ಬಿರುಕಿನ ಮೇಲಿನ ಗಾಜು

ಕಲ್ಲುಕ್ವಾರಿಯ ಸುತ್ತಲಿನ ಬಾವಿಗಳಲ್ಲಿ ನೀರು ಎಷ್ಟು ಇಳಿಯಿತು, ಮನೆಗಳ ಗೋಡೆ ಎಷ್ಟು ಬಿರುಕು ಬಿಟ್ಟಿತು ಎಂದು ವಾರಕ್ಕೊಮ್ಮೆ ನೋಡಿ ಬರುವುದು ನನ್ನ ಕೆಲಸ. ಆಫೀಸು ಶಿಕಾರಿಪುರದಲ್ಲಿ, ಕ್ವಾರಿ ಜಡೆ ಊರಿನ ಆಚೆ. ಬಾವಿಗೆ ಟೇಪು ಇಳಿಬಿಡುತ್ತೇನೆ. ಗೋಡೆಯ ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿಯೊಂದನ್ನು ಸಿಮೆಂಟು ಮೆತ್ತಿ ಕೂರಿಸುತ್ತೇನೆ. ಗೋಡೆ ಒಂಚೂರು ಸರಿದರೂ ಗಾಜು ಒಡೆಯುತ್ತದೆ. ಒಡೆದರೆ ಕ್ವಾರಿಯವರು ಬಂಡೆ ಸಿಡಿಸುವುದನ್ನು ನಿಲ್ಲಿಸಬೇಕು. ಗಾಜಿನ ಮೇಲೆ ತಾರೀಕು ಬರೆದು ಸಹಿ ಹಾಕಬೇಕೆಂಬ ನಿಯಮವಿದೆ. ನಾನು ಬರೆಯುತ್ತಿರಲಿಲ್ಲ. ಬೆರಳಗಲದ ಗಾಜನ್ನು ಯಾರು ಮುಟ್ಟುತ್ತಾರೆ ಎಂಬ ಉಡಾಫೆ.

ಕ್ವಾರಿಗೆ ತೀರಾ ಹತ್ತಿರದ ಮನೆಯಲ್ಲಿ ಒಬ್ಬ ತಾಯಿ, ಹೆರಿಗೆಗೆ ಬಂದ ಮಗಳು. ಬಿರುಕು ಇದ್ದುದು ಮಗಳು ಮಲಗುವ ಒಳಕೋಣೆಯಲ್ಲಿ. ಅವರ ಬಾವಿಯ ನೀರು ಪ್ರತಿ ವಾರ ಇಳಿಯುತ್ತಿತ್ತು, ಗಾಜು ಮಾತ್ರ ಮೂರು ತಿಂಗಳಿಂದ ನೆಟ್ಟಗಿತ್ತು. ಇದೇನು ವಿಚಿತ್ರ ಅನ್ನಿಸಿದರೂ ಸರಿಯಿದೆ ಎಂದು ಬರೆದು, ಅವರಿಗೂ ಹಾಗೇ ಹೇಳಿ, ಕೊಟ್ಟ ಮಜ್ಜಿಗೆ ಕುಡಿದು ಬರುತ್ತಿದ್ದೆ. ನನ್ನ ವರದಿಯ ಮೇಲೆ ಕ್ವಾರಿಗೆ ಇನ್ನೂ ಆಳಕ್ಕೆ ಇಳಿಯಲು ಅನುಮತಿ ಸಿಕ್ಕಿತು.

ಅದಾದ ಮುಂದಿನ ವಾರ ಹೋದಾಗ ತಾಯಿ ಆ ಗೋಡೆಯ ಮುಂದೆ ಸ್ಟೂಲು ಹತ್ತಿ ನಿಂತಿದ್ದರು. ಒಂದು ಕೈಯಲ್ಲಿ ಕಲಸಿದ ಸಿಮೆಂಟು, ಇನ್ನೊಂದರಲ್ಲಿ ಹಳೇ ಫೋಟೋದಿಂದ ಕತ್ತರಿಸಿದ ಗಾಜು.

"ಒಡೆದಿತ್ತು ಕಣ್ರೀ. ಬಸುರಿ ಮಲಗೋ ಕೋಣೇಲಿ ಒಡೆದ ಗಾಜು ಇರ್ಬಾರ್ದು. ಅದಕ್ಕೇ ತೆಗೆದು ಬೇರೆ ಹಾಕ್ತಿದೀನಿ."

"ಎಷ್ಟು ಸಲ ಹಾಕಿದೀರಮ್ಮಾ?"

"ಇದು ನಾಕನೇದು. ನಿಮಗ್ಯಾಕೆ ಸುಮ್ನೆ ತೊಂದ್ರೆ ಅಂತ ಹೇಳ್ಲಿಲ್ಲ."

ಅವರ ಮೇಲೆ ರೇಗಲು ಬಾಯಿ ತೆರೆದೆ, ಆದರೆ ಯಾವ ಮುಖ ಇಟ್ಟುಕೊಂಡು ರೇಗಲಿ? ಅಂಗಳಕ್ಕೆ ಬಂದು ಆಫೀಸಿಗೆ ಫೋನ್ ಮಾಡಿ ಇವತ್ತಿನ ಸಿಡಿತ ನಿಲ್ಲಿಸಿ ಎಂದು ಅಂಗಲಾಚಿದೆ.

"ಒಡೆದ ಗಾಜು ಇದೆಯೇನ್ರೀ?" ಎಂದರು ಸಾಹೇಬರು.

"ತಿಪ್ಪೆಗೆ ಹಾಕಿದಾರೆ ಸಾರ್."

"ತಾರೀಕು, ಸಹಿ?"

"ಹಾಕಿರ್ಲಿಲ್ಲ ಸಾರ್."

"ಸರಿಯಿದೆ ಅಂತ ಬರೆದೋರು ನೀವೇ. ಹೊಸ ಗಾಜು ಹಾಕಿ, ಮುಂದಿನ ವಾರ ನೋಡೋಣ."

ಅಷ್ಟರಲ್ಲಿ ಕ್ವಾರಿಯ ಸೈರನ್ ಕೂಗಿತು. ಒಳಗೆ ಓಡಿದೆ. ಮಗಳು ಆ ಗೋಡೆಗೇ ಒರಗಿ ಮಂಚದ ಮೇಲೆ ಕೂತಿದ್ದಳು, ದಿನ ತುಂಬಿದ ಮೈ, ಬೇಗ ಏಳಲಾಗಲಿಲ್ಲ. ನಾನೂ ಅವಳ ತಾಯಿಯೂ ಒಂದೊಂದು ರಟ್ಟೆ ಹಿಡಿದು ಎಬ್ಬಿಸಿದೆವು. ಅಂಗಳಕ್ಕೆ ಕಾಲಿಡುವಷ್ಟರಲ್ಲಿ ನೆಲ ನಡುಗಿತು. ಗೋಡೆ ಬೀಳಲಿಲ್ಲ.

ಇನ್ನು ಆ ಕೋಣೆಗೆ ಹೋಗಬೇಡಿ, ನೆಂಟರ ಮನೆಗಾದರೂ ಹೋಗಿ ಎಂದು ಕೈಮುಗಿದೆ. ಮಗಳು ತಾಯಿಯ ಮುಖ ನೋಡಿದಳು.

"ಇಂಥಾ ಹೊತ್ನಲ್ಲಿ ಇವಳನ್ನ ಎಲ್ಲಿಗೆ ಕರ್ಕೊಂಡು ಹೋಗ್ಲಿ? ಏನೂ ಆಗ್ಲಿಲ್ವಲ್ರೀ. ನೀವು ಮೂರು ತಿಂಗಳಿಂದ ನೋಡಿದೀರಿ, ನಿಮಗಿಂತ ನಮಗೆ ಗೊತ್ತಾ?" ಎಂದು ತಾಯಿ ನನ್ನನ್ನೇ ಸಮಾಧಾನ ಮಾಡಿ, ಮಗಳ ಕೈಹಿಡಿದು ಒಳಕೋಣೆಗೆ ಕರೆದುಕೊಂಡು ಹೋದರು.