ಹುಣ್ಣಿಮೆಯ ಪುಟ

ಕಾಗದದಿಂದ ಮನೆ ಕಟ್ಟುತ್ತೇನೆ ಎಂದಾಗ ಊರು ನಕ್ಕಿತು. ಲೋಹಾರಾದ ಸಂತೆಯಲ್ಲಿ ಸಿಕ್ಕ ದೂರದ ಮಾವನೊಬ್ಬ, "ಆಕಳು ಬಂದು ಮನಿ ತಿಂದು ಹೋದೀತು, ಜ್ವಾಕಿರೀ ಬಾಯೀ" ಎಂದು ಹಲ್ಲು ಕಿರಿದ. ನಾನು ಸಿಟ್ಟಿನವಳು, ನನ್ನ ಶಾಲೆಯ ಮಕ್ಕಳೂ ಇದನ್ನು ಬಲ್ಲರು. "ಆಕಳು ಮನಿ ತಿಂದರ ತಿನ್ನಲಿ. ಕಲ್ಲಿನ ಮನಿ ಮಂದೀನ್ನೇ ತಿಂತು" ಎಂದುಬಿಟ್ಟೆ. ನಮ್ಮ ಕಡೆ ಆ ಮಾತಿಗೆ ಯಾರೂ ಎದುರಾಡುವುದಿಲ್ಲ.

ಭೂಕಂಪವಾದಾಗ ನನಗೆ ಒಂಬತ್ತು ವರ್ಷ, ತಮ್ಮನಿಗೆ ಐದು. ಗಣಪತಿ ಮುಳುಗಿಸಿ ಬಂದು ಮಲಗಿದ ಊರು ಬೆಳಗಾಗುವುದರೊಳಗೆ ಕಲ್ಲಿನ ರಾಶಿಯಾಗಿತ್ತು. ನಮ್ಮ ಮನೆಯಲ್ಲಿ ಹೋದವನು ತಮ್ಮನೊಬ್ಬನೇ. ಅಪ್ಪ ಊರಿನ ಮನೆಗಳಿಗೆಲ್ಲ ಪೂಜೆ ಮಾಡುವ ಅಯ್ಯ. ಊರವರನ್ನೆಲ್ಲ ಮಣ್ಣು ಮಾಡಿ, ಕೊನೆಗೆ ಮಗನನ್ನು ನಮ್ಮ ಹೊಲದ ಬೇವಿನ ಮರದ ಕೆಳಗೆ ಇಟ್ಟು ಬಂದ. ಅಂದಿನಿಂದ ಅವ್ವ ಗೋಡೆಗಳ ನಡುವೆ ಮಲಗಲಿಲ್ಲ. ಸರಕಾರ ಕಟ್ಟಿಕೊಟ್ಟ ಮನೆಯಲ್ಲಿ ಜೋಳದ ಚೀಲ ಇಟ್ಟಳು. ತಾನು ಹೊಲದ ತಗಡಿನ ಶೆಡ್ಡಿನಲ್ಲಿ ಕೌದಿ ಹಾಸಿದಳು. ಮೂರು ಕಡೆ ಬಯಲು, ಮೇಲೆ ನಾಲ್ಕು ತಗಡು. ಅಪ್ಪ ಬೇಡಿಕೊಂಡ, ಬೈದ, ಕಡೆಗೆ ತಾನೂ ಅಲ್ಲೇ ಮಲಗಿ ಅಲ್ಲೇ ತೀರಿಕೊಂಡ. ನನ್ನ ಸಂಸಾರ ಮುರಿದು ನಾನು ತಿರುಗಿ ಬಂದ ಮೇಲೆ ಅಪ್ಪನ ಜಾಗದಲ್ಲಿ ನನ್ನ ಹಾಸಿಗೆ ಬಿತ್ತು.

ಹೋದ ಚಳಿಗಾಲದಲ್ಲಿ ಅವ್ವನಿಗೆ ನಿಮೋನಿಯಾ ಆಯಿತು. ಇನ್ನೊಂದು ಚಳಿಗಾಲ ಬಯಲಿನಲ್ಲಿ ಕಳೆದರೆ ಈ ಜೀವ ಉಳಿಯುವುದಿಲ್ಲ ಎಂದು ಉಮರ್ಗಾದ ಡಾಕ್ಟರು ನನ್ನೆದುರೇ ಹೇಳಿದರು. ಅವ್ವ ಹೆದರುವುದು ಗೋಡೆಯ ಭಾರಕ್ಕೆ ಎಂದು ನಾನು ತಿಳಿದಿದ್ದೆ. ಆದ್ದರಿಂದ ಭಾರವಿಲ್ಲದ ಗೋಡೆ ಹುಡುಕಿದೆ. ಮೊಬೈಲಿನಲ್ಲಿ ಯಾರೋ ಕಾಗದದ ಇಟ್ಟಿಗೆ ಮಾಡುತ್ತಿದ್ದರು. ಒಣಗಿದ ಇಟ್ಟಿಗೆಯನ್ನು ಒಂದೇ ಕೈಯಲ್ಲಿ ಎತ್ತಿ ತೋರಿಸಿದರು. ಅದು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಬೇಸಿಗೆ ರಜೆ ಪೂರ್ತಿ ಅದೇ ಕೆಲಸ. ಮುರುಮ ಊರಿನ ರದ್ದಿ ಅಂಗಡಿಯಿಂದ ಹಳೆಯ ಪೇಪರು, ಪುಸ್ತಕ ತರಿಸಿ, ಡ್ರಮ್ಮಿನಲ್ಲಿ ಮೂರು ದಿನ ನೆನೆಸುವುದು. ಡ್ರಿಲ್ ಮಷೀನಿಗೆ ಕಬ್ಬಿಣದ ಪಂಖ ಕಟ್ಟಿ ಅಂಬಲಿಯಂತೆ ಕಡೆಯುವುದು. ಬಟ್ಟೆಯಲ್ಲಿ ಹಿಂಡಿ, ಸಿಮೆಂಟು, ಮರಳು ಕಲಸಿ, ಕಟ್ಟಿಗೆಯ ಅಚ್ಚಿಗೆ ತುಂಬುವುದು. ಮರುದಿನ ಅಚ್ಚು ಕಳಚಿ ಬಿಸಿಲಿಗೆ ಇಟ್ಟು, ವಾರಗಟ್ಟಲೆ ಮಗ್ಗುಲು ಬದಲಿಸುವುದು. ಹಸಿ ಇಟ್ಟಿಗೆಗೆ ಹುಳಿ ನಾತ. ಅವ್ವ ಶೆಡ್ಡಿನಲ್ಲಿ ಕೂತು ನೋಡುತ್ತಿದ್ದಳು.

ಕೊನೆಗೆ ರದ್ದಿ ಕಡಿಮೆ ಬಿತ್ತು. ಅಪ್ಪನ ಟ್ರಂಕಿನಲ್ಲಿ ಹಳೆಯ ಪಂಚಾಂಗಗಳ ಗಂಟುಗಳಿದ್ದವು. ಒಂದು ಗಂಟಿಗೆ ಮಾತ್ರ ಕೆಂಪು ಬಟ್ಟೆ. ವರ್ಷ ಮುಗಿದ ಪಂಚಾಂಗವನ್ನು ನಾವು ಸುಡುವುದಿಲ್ಲ, ತಿಪ್ಪೆಗೆ ಹಾಕುವುದಿಲ್ಲ. ದೇವರ ಹೆಸರಿರುತ್ತದೆ, ನೀರಿಗೇ ಬಿಡಬೇಕು. ಡ್ರಮ್ಮಿನಲ್ಲಿದ್ದುದೂ ನೀರೇ ಅಲ್ಲವೇ? ಒಂದೇ ಕಲ್ಲಿಗೆ ಎರಡು ಹಕ್ಕಿ ಎಂದುಕೊಂಡು, ಡ್ರಮ್ಮಿಗೆ ವಿಭೂತಿ ಹಚ್ಚಿ, ಕೈಮುಗಿದು, ಪುಟ ಬಿಚ್ಚಿಯೂ ನೋಡದೆ ಮುಳುಗಿಸಿದೆ. ಆ ಕೆಂಪು ಬಟ್ಟೆಯಲ್ಲೇ ಹಿಂಡಿದೆ.

ತಿಂಗಳ ಮೇಲೆ ಗೌಂಡಿ ಗೋಡೆ ಏರಿಸಲು ಬಂದ. ಮರಾಠಿಯವನು, ಕನ್ನಡ ಆಡಬಲ್ಲ, ಓದಲಾರ. ಒಂದು ಇಟ್ಟಿಗೆಯನ್ನು ಎತ್ತಿದವನೇ ನನ್ನನ್ನು ಕರೆದ. "ಹೇ ಕಾಯ್ ಆಹೇ, ಬಾಯೀ? ಏನೋ ಬರದಂಗ ಅದ ನೋಡ್ರಿ."

ಇಟ್ಟಿಗೆ ಒಣಗಿ ಕುಗ್ಗಿದಲ್ಲಿ, ಕರಗದೆ ಉಳಿದ ಪುಟದ ಚೂರೊಂದು ಮೇಲೆ ಬಂದಿತ್ತು. ಅದರಲ್ಲಿ ಪೆನ್ಸಿಲಿನ ಅಕ್ಷರ, ಅಪ್ಪನ ಕೈಬರಹ. ಒಂದು ಹೆಸರು, ಪಕ್ಕದಲ್ಲಿ ಮನೆತನ. ನಮ್ಮ ಹಳೆಯ ಮನೆಯ ಎದುರು ಮನೆಯ ಅಜ್ಜಿ. ಇನ್ನೊಂದು ಇಟ್ಟಿಗೆಯ ಅಂಚಿನಲ್ಲಿ ಅವಳ ಸೊಸೆ. ಮತ್ತೊಂದರಲ್ಲಿ ನನ್ನ ಜೊತೆ ಶಾಲೆಗೆ ಬರುತ್ತಿದ್ದ ಹುಡುಗಿ. ಭಾದ್ರಪದ ಹುಣ್ಣಿಮೆ ಎಂದು ಅಚ್ಚಾದ ಒಂದು ಚೂರೂ ಸಿಕ್ಕಿತು, ಭೂಕಂಪವಾದ ದಿನ. ಆ ದಿನದ ಪುಟದ ಅಂಚಿನಲ್ಲಿ ಅಪ್ಪ ತಾನು ಮಣ್ಣು ಮಾಡಿದವರನ್ನೆಲ್ಲ ಬರೆದಿಟ್ಟಿದ್ದ. ವರ್ಷವರ್ಷವೂ ನೆನೆಯಲು ಆ ಮನೆಗಳಲ್ಲಿ ಬೇರೆ ಯಾರೂ ಉಳಿದಿರಲಿಲ್ಲ.

"ಮಂತ್ರ ಅದ, ಏನಿಲ್ಲ" ಎಂದು ಗೌಂಡಿಗೆ ಸುಳ್ಳು ಹೇಳಿದೆ. ಅವನು ನಂಬಲಿಲ್ಲ, ಎತ್ತಲು ಅಂಜಿದ. ಅಕ್ಷರವಿದ್ದ ಇಟ್ಟಿಗೆಗಳನ್ನು ನಾನೇ ಎತ್ತಿ ಕೊಡಬೇಕಾಯಿತು. ಅಕ್ಷರ ಸಿಮೆಂಟಿನ ಗಿಲಾವಿನೊಳಗೆ ಹೋಗುವಂತೆ ಇಡಿಸಿದೆ. ಕೊನೆಯದೊಂದು ಇಟ್ಟಿಗೆಯಲ್ಲಿ ಹೆಸರಿರಲಿಲ್ಲ, ಮನೆತನವಿರಲಿಲ್ಲ. 'ನಮ್ಮ ಕೂಸು' ಎಂದಷ್ಟೇ ಇತ್ತು. ಬಿಸಿ ತುಪ್ಪದಂತೆ ಅದನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಎರಡು ದಿನ ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ತಿರುಗಿದೆ. ಮೂರನೆಯ ದಿನ ಅವ್ವನ ಕೋಣೆಯ ಬಡಗಣ ಗೋಡೆಗೆ ಸೇರಿಸಿದೆ.

ದೀಪಾವಳಿಗೆ ಮನೆ ಮುಗಿಯಿತು. ಒಳಗೆ ಕಾಲಿಟ್ಟರೆ ಹೊರಗಿನ ಸದ್ದು ಕತ್ತರಿಸಿದಂತೆ ನಿಲ್ಲುತ್ತಿತ್ತು. ಕಾಗದದ ಗೋಡೆ ಸದ್ದು ಹೀರುತ್ತದೆ ಎಂದು ಓದಿದ್ದೆ. ಇಷ್ಟು ಎಂದು ಗೊತ್ತಿರಲಿಲ್ಲ. ಅವ್ವನನ್ನು ಕರೆದೆ. ಬಾಗಿಲಿನವರೆಗೂ ಬರಲಿಲ್ಲ. "ಛಲೋ ಆಗ್ಯಾದ, ನೀ ಇರು" ಎಂದಳು. ಗಾಳಿ ಆಗಲೇ ತಣ್ಣಗಾಗಿತ್ತು, ಅವಳ ಕೆಮ್ಮೂ ಶುರುವಾಗಿತ್ತು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು.

ಮರುದಿನ ಮಧ್ಯಾಹ್ನ ಬೇಲಿಯ ಮೇಲಿದ್ದ ಕೆಂಪು ಬಟ್ಟೆ ಅವಳ ಕಣ್ಣಿಗೆ ಬಿತ್ತು. ಸಿಮೆಂಟು ಹಿಡಿದು ಸೆಟೆದಿದ್ದ ಅದನ್ನು ಎರಡೂ ಕೈಯಲ್ಲಿ ಹಿಡಿದು ಬಂದಳು.

"ಇದರಾಗಿಂದು ಎಲ್ಲಿ ಅದ?"

ಹೇಳಿಬಿಟ್ಟೆ. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆದಿದ್ದರೆ ಹಗುರಾಗುತ್ತಿತ್ತು.

"ಅಂವಾ ಯಾವ ಗ್ವಾಡ್ಯಾಗ ಅದಾನ?"

ಬಡಗಣ ಗೋಡೆ ತೋರಿಸಿದೆ. ಮೂವತ್ತು ವರ್ಷ ಯಾವ ಹೊಸ್ತಿಲನ್ನೂ ದಾಟಿ ಮಲಗದವಳು ನೆಟ್ಟಗೆ ಒಳಗೆ ನಡೆದಳು. ಗೋಡೆಗೆ ಅಂಗೈ ಇಟ್ಟಳು, ಸರಿಸುತ್ತ ಹೋದಳು, ಒಂದು ಕಡೆ ನಿಲ್ಲಿಸಿದಳು. ನಾನು ಜಾಗ ಹೇಳಿರಲಿಲ್ಲ. ಅದೇ ಜಾಗ.

"ಗ್ವಾಡಿಗಿ ಅಂಜಿ ಹೊರಗ ಮಲಗ್ತೀನಿ ಅಂತ ತಿಳಿದಿದ್ದೇನು?" ಎಂದಳು. "ಕೂಸು ಬೇವಿನ ಬುಡಕ ಒಬ್ಬನೇ ಮಲಗ್ಯಾನ. ನಾ ಒಳಗ ಹ್ಯಾಂಗ ಮಲಗಲಿ? ಈಗ ಅಂವಾ ಒಳಗ ಬಂದಾನ."

ಆ ಸಂಜೆಯೇ ಕೌದಿ ಒಳಗೆ ಹೋಯಿತು. ಈಗ ಮಾಘದ ಚಳಿ. ಅವ್ವನಿಗೆ ಕೆಮ್ಮಿಲ್ಲ, ಮೈಯಲ್ಲಿ ಕಸುವು ಬಂದಿದೆ. ಊಟದ ಮೇಲೆ ಗೋಡೆಗೆ ಮುಖ ಮಾಡಿ ಅಡ್ಡಾಗುತ್ತಾಳೆ. ಕಿಟಕಿಯಿಂದ ನೋಡಿದರೆ ತುಟಿ ಅಲ್ಲಾಡುತ್ತಿರುತ್ತದೆ. ಆಮೇಲೆ ಸುಮ್ಮನಾಗಿ ಕೇಳಿಸಿಕೊಳ್ಳುತ್ತಾಳೆ, ತಲೆದೂಗುತ್ತಾಳೆ, ನಗುತ್ತಾಳೆ. ಹೊರಗೆ ನನಗೆ ಏನೂ ಕೇಳುವುದಿಲ್ಲ.

ನಾನು ಊಟ ಕೊಡಲು ಮಾತ್ರ ಒಳಗೆ ಹೋಗುತ್ತೇನೆ. ನನ್ನ ಹಾಸಿಗೆ ಇನ್ನೂ ಶೆಡ್ಡಿನಲ್ಲಿದೆ. ಮೊನ್ನೆ ತಟ್ಟೆ ತೆಗೆದುಕೊಳ್ಳುತ್ತಿದ್ದಾಗ ಅವ್ವ ನನ್ನ ಕೈ ಹಿಡಿದಳು.

"ನೀನೂ ಒಳಗ ಬಾ ಯವ್ವಾ" ಎಂದಳು. "ಅಕ್ಕ ಯಾಕ ಹೊರಗ ಮಲಗ್ತಾಳ ಅಂತ ದಿನಾ ಕೇಳ್ತಾನ."