ಎದುರುಮನೆ ಚಾಚಾ ಕಟ್ಟಿಕೊಟ್ಟ ರೌಟರ್

ಟ್ರಂಕಿನ ಬಟ್ಟೆಗಳನ್ನು ಬಿಸಿಲಿಗೆ ಹಾಕುವಾಗ ಯಂತ್ರಕ್ಕೆ ಹೊದಿಸಲೆಂದು ಅವ್ವ ಹೊಲಿದ ಹಳೆಯ ಗವಸಣಿಗೆಯೊಂದು ಸಿಕ್ಕಿತು. ಮೇಲೆ ಕಸೂತಿಯ ನವಿಲು, ಎರಡೂ ಪಕ್ಕಕ್ಕೆ ಸೊಳ್ಳೆ ಪರದೆಯ ತುಂಡು. ಹೊಸಬರು ನೋಡಿದರೆ ನಕ್ಕಾರು. ನನಗೆ ಮಾತ್ರ ಎದುರುಮನೆಯ ಚಾಚಾ ಕಣ್ಮುಂದೆ ಬಂದು ನಿಂತರು...

ಗಂಗಾವತಿಯ ನಮ್ಮ ಓಣಿಯಲ್ಲಿ ಚಾಚಾರ ಮನೆಯ ಮುಂದಿನ ಕೋಣೆಯೇ ರಿಪೇರಿ ಅಂಗಡಿ. ಮೊದಲು ರೇಡಿಯೋ, ಆಮೇಲೆ ಟಿವಿ, ಕೊನೆಗೆ ಕಂಪ್ಯೂಟರ್. ಯಾವುದನ್ನೂ ಕೆಟ್ಟೇಹೋಯಿತು ಎಂದವರಲ್ಲ. "ಇಟ್ಟು ಹೋಗ್ರಿ, ನೋಡೂಣು" ಎನ್ನುತ್ತಿದ್ದರು. ಹಾಗೆ ಇಟ್ಟು ಹೋಗಿ ಮರೆತ ಸಾಮಾನುಗಳೇ ಅಂಗಡಿ ತುಂಬ ಇದ್ದವು.

ಕೊರೊನಾ ಕಾಲ. ಅಪ್ಪನನ್ನು ಕೊಪ್ಪಳದ ಆಸ್ಪತ್ರೆಗೆ ಸೇರಿಸಿದ್ದೆವು. ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ದಿನಾ ಸಂಜೆ ಅಲ್ಲಿನ ನರ್ಸಮ್ಮ ತನ್ನ ಫೋನಿನಿಂದ ವಿಡಿಯೋ ಕರೆ ಮಾಡಿ ಅಪ್ಪನ ಮುಖ ತೋರಿಸುತ್ತಿದ್ದಳು. ಅದನ್ನು ನೋಡಿದ ಮೇಲೆಯೇ ಅವ್ವನ ಗಂಟಲಲ್ಲಿ ಅನ್ನ ಇಳಿಯುತ್ತಿತ್ತು. ಅಂಥದ್ದರಲ್ಲಿ ಸಿಡಿಲಿಗೆ ಮನೆಯ ರೌಟರ್ ಸುಟ್ಟುಹೋಯಿತು. ಅಂಗಡಿಗಳೆಲ್ಲ ಬಂದ್. ನಮ್ಮ ಓಣಿಯ ಮೊಬೈಲ್ ಸಿಗ್ನಲ್ಲಿಗೆ ಮಾತು ಬಂದರೂ ಚಿತ್ರ ಬರುತ್ತಿರಲಿಲ್ಲ.

ಅವ್ವನ ಅಳು ಕೇಳಿ ಚಾಚಾ ಬಾಗಿಲಿಗೆ ಬಂದರು. "ಅಕ್ಕಾರ, ನಾಳಿ ಸಂಜೀತನಾ ಟೈಮ್ ಕೊಡ್ರಿ. ಭಾಯಿ ಮಾರಿ ತೋರಸೂದು ನನ್ನ ಜಿಮ್ಮೇದಾರಿ."

ಅಕ್ಕಿ ಮಿಲ್ಲಿನವರು ಬಿಸಾಡಿದ್ದ ಸಿಪಿಯು ಒಂದನ್ನು ಬಿಚ್ಚಿದರು. ಒಳಗೆಲ್ಲ ತೌಡಿನ ಧೂಳು. ಬ್ರಶ್ಶಿನಿಂದ ಜಾಡಿಸಿ, ಇನ್ನೊಂದರ ಮೆಮೊರಿ, ಮತ್ತೊಂದರ ಫ್ಯಾನು ತಂದು ಕೂಡಿಸಿದರು. ಹೊರಗಿನ ಲೈನು ಒಳಬರಲು ಒಂದು ಕಾರ್ಡು, ಮನೆತುಂಬ ವೈಫೈ ಹರಡಲು ಇನ್ನೊಂದು. ಕಂಪ್ಯೂಟರನ್ನೇ ರೌಟರ್ ಮಾಡಬಹುದೆಂದು ನಾನು ಕಂಡದ್ದು ಅವತ್ತೇ. ಮರುದಿನ ಸಂಜೆ ಅವ್ವನ ಫೋನಿನಲ್ಲಿ ಅಪ್ಪ ಕೈ ಎತ್ತಿದ. ಯಂತ್ರದ ಸದ್ದು ಮಾತ್ರ ಮನೆಯೊಳಗೇ ಇನ್ನೊಂದು ಮಿಲ್ಲು ತೆರೆದಂತಿತ್ತು.

ನಮ್ಮವ್ವನೋ, ಬೆಲೆಬಾಳುವುದಕ್ಕೆಲ್ಲ ಗವಸಣಿಗೆ ಹೊಲಿಯುವವಳು. ಮಿಕ್ಸರ್, ಟಿವಿ, ಯಾವುದೂ ಬರಿಮೈಯಲ್ಲಿ ಇರಕೂಡದು. ಗಂಡನ ಮುಖ ತೋರಿಸುವ ಯಂತ್ರವನ್ನು ಬಿಟ್ಟಾಳೆಯೇ? ನವಿಲಿನ ಕಸೂತಿ ಹಾಕಿ ಬುಡದವರೆಗೂ ಮುಚ್ಚಿದಳು. ಅಂದು ಸಂಜೆ ಅಪ್ಪ ಏನೋ ಹೇಳಲು ಬಾಯಿ ತೆರೆದ... ಚಿತ್ರ ಹೋಯಿತು. ಅಪ್ಪನಿಗೇ ಏನೋ ಆಯಿತೆಂದು ಅವ್ವ ಫೋನು ಹಿಡಿದುಕೊಂಡೇ ಕುಸಿದಳು.

ನಾನು ಕೂಗಿದ್ದಕ್ಕೆ ಚಾಚಾ ಓಡಿ ಬಂದರು. ಯಂತ್ರ ಒಲೆಯ ಮೇಲಿನ ಹಂಚಿನಂತೆ ಕಾದಿತ್ತು. ಈಗ ಬೈಗುಳ ಗ್ಯಾರಂಟಿ ಅಂದುಕೊಂಡೆ. ಅವರು ಗವಸಣಿಗೆಯನ್ನು ಮೆಲ್ಲಗೆ ತೆಗೆದು, ನವಿಲನ್ನು ನೋಡಿ, ಮಡಚಿ ಅವ್ವನ ಕೈಗಿಟ್ಟರು.

"ಭಾಳ ಛಲೋ ಹೊಲದೀರಿ ಅಕ್ಕಾರ. ಆದ್ರ ಇದಕ್ಕೂ ಗಾಳಿ ಬೇಕಾಕ್ಕೈತಿ. ಎರಡೂ ಬಾಜೂ ಸೊಳ್ಳಿ ಪರದೆ ಹಚ್ರಿ, ಸಾಕು."

ಯಂತ್ರ ಆರುವವರೆಗೆ ಬೀಸಣಿಗೆಯಿಂದ ಗಾಳಿ ಹಾಕುತ್ತ ಅಲ್ಲೇ ಕುಳಿತರು. ಅದು ಮತ್ತೆ ಶುರುವಾಯಿತು. ನರ್ಸಮ್ಮ ತಿರುಗಿ ಕರೆ ಮಾಡಿದಳು. ಅಪ್ಪ ಕೇಳಬೇಕೆಂದಿದ್ದು ಇಷ್ಟೇ: "ಊಟ ಆತೇನ?" ಅವ್ವ ಅಳುತ್ತಲೇ ನಕ್ಕಳು. ಚಾಚಾ ಎದ್ದು ಹೊರಗೆ ಕಟ್ಟೆಗೆ ಹೋಗಿ ನಿಂತರು. ಎಂಥ ಮನುಷ್ಯ! ಯಾರ ಮನಸ್ಸನ್ನೂ ನೋಯಿಸದೆ ರಿಪೇರಿ ಮಾಡುವ ಇನ್ನೊಬ್ಬರನ್ನು ನಾನಂತೂ ಕಂಡಿಲ್ಲ.

ಅಪ್ಪ ಗುಣವಾಗಿ ಮನೆಗೆ ಬಂದ. ಚಾಚಾ ಹೋದ ವರ್ಷ ಕುಷ್ಟಗಿಗೆ ಮಗಳ ಮನೆಗೆಂದು ಹೋದವರು ಎದೆನೋವಿನಿಂದ ಅಲ್ಲೇ ತೀರಿಕೊಂಡರು. ಸುದ್ದಿ ತಿಳಿದು ನಾವು ಹೋಗಿ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು.

ಅವರ ಅಂಗಡಿ ಈಗ ಮುಚ್ಚಿದೆ. ಅದರ ಮುಂದೆ ಹಾಯುವಾಗಲೆಲ್ಲ ಅಪ್ಪ ನಿಂತುಬಿಡುತ್ತಾನೆ. ನಿನ್ನೆಯೂ ನಿಂತ.

"ನನ್ನ ಮಾರಿ ನಿಮ್ಮವ್ವಗ ದಿನಾ ತೋರಿಸಿದಾಂವ," ಎಂದ. "ಆಂವನ ಮಾರಿ ಕಡೀಕ ಒಮ್ಮೆ ನೋಡಾಕ ನನಗ ಸಿಗಲಿಲ್ಲ ನೋಡು."